ತಿದ್ದದ ಗದ್ದ

ಆ ಬೀದಿಯಲ್ಲಿ ಸೊಟ್ಟ ಮುಖದವರು ಒಬ್ಬರೂ ಇರಲಿಲ್ಲ. ಹುಟ್ಟುವಾಗ ಇದ್ದಿರಬಹುದು, ಬೆಳೆಯುತ್ತ ಆಗಿರಲೂಬಹುದು. ಆದರೆ ಮೂಲೆಯ ಫೋಟೋ ಸ್ಟುಡಿಯೋಕ್ಕೆ ಹೋಗಿಬಂದವರ ಕವರು ಬಿಚ್ಚಿ ನೋಡಿದರೆ ಒಳಗಿನ ಮುಖ ಅಡಿಪಟ್ಟಿ ಇಟ್ಟು ಬರೆದಷ್ಟು ನೇರ. ಅಂಥ ಕೈ ಆ ಸ್ಟುಡಿಯೋ ಯಜಮಾನರದು. ಕ್ಯಾಮೆರಾದ ಹಿಂದೆ ನಿಂತು ದಿನಕ್ಕೆ ಸಾವಿರ ಸಲ "ಗದ್ದ ಒಂಚೂರು ಮೇಲೆ, ಗದ್ದ ಒಂಚೂರು ಈಚೆ" ಎನ್ನುತ್ತಿದ್ದುದರಿಂದ ಊರಿಗೆಲ್ಲ ಅವರು ಗದ್ದ ಮಾಸ್ತರು.

ಮಾಸ್ತರು ಕಂಪ್ಯೂಟರಿನ ಮುಂದೆ ಕುಳಿತು ಮೌಸು ಹಿಡಿದರೆಂದರೆ ಮೊಡವೆಗಳು ತಾವಾಗಿಯೇ ಗಂಟುಮೂಟೆ ಕಟ್ಟುತ್ತಿದ್ದವು. ಬೋಳು ತಲೆಯಲ್ಲಿ ಬೆಳೆ ಏಳುತ್ತಿತ್ತು. ಒಂದು ಮದುವೆಯ ಗುಂಪು ಫೋಟೋದಲ್ಲಿ ಆಸ್ತಿ ಜಗಳಕ್ಕೆ ಮುಖ ತಿರುಗಿಸಿ ನಿಂತಿದ್ದ ಅಣ್ಣತಮ್ಮಂದಿರನ್ನು ಎಷ್ಟು ಚೆನ್ನಾಗಿ ನಗಿಸಿಬಿಟ್ಟರೆಂದರೆ, ಫೋಟೋ ನೋಡಿದ ಇಬ್ಬರೂ ತಾವು ಯಾವಾಗಲೋ ರಾಜಿಯಾಗಿರಬೇಕೆಂದು ನಂಬಿ ಒಂದೇ ಮನೆಯಲ್ಲಿ ಉಳಿದರಂತೆ. ಇದು ಸುಳ್ಳೆನ್ನುವವರು ಆ ಮನೆಗೆ ಹೋಗಿ ನೋಡಬಹುದು.

"ನನ್ನ ಅಂಗಡಿಯಿಂದ ಹಸಿ ಫೋಟೋ ಹೊರಗೆ ಹೋಗೋದಿಲ್ಲ" ಎಂಬುದು ಮಾಸ್ತರ ಪ್ರತಿಜ್ಞೆ. ಹಸಿ ಎಂದರೆ ತಿದ್ದದೇ ಬಿಟ್ಟ ಫೋಟೋ. ತಿದ್ದಿ ಮುಗಿಸಿದೊಡನೆ ಹಸಿಯದನ್ನು ಅಳಿಸಿಹಾಕುವುದು ಅವರ ಪದ್ಧತಿ. ಹಣ್ಣು ತಿಂದ ಮೇಲೆ ಸಿಪ್ಪೆಯನ್ನು ಯಾರು ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ಕೇಳುತ್ತಿದ್ದರು.

ಸ್ಟುಡಿಯೋದ ಉದ್ದ ಗೋಡೆಯ ಮೇಲೆ ಅವರ ಒಬ್ಬಳೇ ಮಗಳ ಫೋಟೋಗಳಿದ್ದವು. ತೊಟ್ಟಿಲ ಕೂಸಿನಿಂದ ಹಿಡಿದು ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಯವರೆಗೆ, ಹುಟ್ಟುಹಬ್ಬಕ್ಕೊಂದರಂತೆ ಸಾಲಾಗಿ. ಎಲ್ಲದರಲ್ಲೂ ಗದ್ದ ಮೂಗಿನ ಸರಿ ಕೆಳಗೆ, ತಕ್ಕಡಿಯ ಮುಳ್ಳಿನ ಹಾಗೆ ನಡುಮಧ್ಯೆ ನಿಂತಿತ್ತು.

ಒಂದು ದಿನ ಮಾಸ್ತರ ನಾದಿನಿ ಬಂದಳು. ಅಂದರೆ ಹೆಂಡತಿಯ ತಂಗಿ. ಎರಡು ವರ್ಷ ದೂರದ ಊರಿನಲ್ಲಿ ಕೆಲಸ ಮಾಡಿ, ಈಗ ಇಲ್ಲಿನ ಹಲ್ಲಿನ ಆಸ್ಪತ್ರೆಗೆ ಎಕ್ಸ್‌ರೇ ತೆಗೆಯುವವಳಾಗಿ ಸೇರಿಕೊಂಡಿದ್ದಳು. ಗುರುತಿನ ಚೀಟಿಗೆ ಒಂದು ಫೋಟೋ ಬೇಕಾಗಿತ್ತು.

"ನನ್ನ ಮೂಗು ಮುಟ್ಟಬೇಡಿ ಭಾವ" ಎಂದಳು ಸ್ಟೂಲಿನ ಮೇಲೆ ಕೂರುತ್ತಲೇ. "ಹೋದ ಸಲ ನೀವು ತಿದ್ದಿ ತಿದ್ದಿ ಕೊಟ್ಟಿದ್ದಕ್ಕೆ ಗೇಟಿನವನು ನನ್ನನ್ನ ಒಳಗೇ ಬಿಡ್ಲಿಲ್ಲ."

"ಮೂಗು ಬಿಟ್ಟೆ. ಆದ್ರೆ ಆ ಹಣೆ ಇದೆಯಲ್ಲ ನಾದಿನಿ, ಅದಕ್ಕೆ ಎರಡು ಫ್ರೇಮು ಬೇಕಾಗುತ್ತೆ."

"ಇರ್ಲಿ, ನಿಮ್ಮ ಹೊಟ್ಟೆಗಿಂತ ವಾಸಿ. ಅದು ಒಂದು ಊರಿನ ನಕ್ಷೆ ಇದ್ದ ಹಾಗಿದೆ."

ಅಷ್ಟರಲ್ಲಿ ಮಗಳು ಒಳಮನೆಯಿಂದ ಸೇಬು ಕಚ್ಚುತ್ತ ಬಂದು "ಚಿಕ್ಕಮ್ಮ" ಎಂದು ನಕ್ಕಳು. ನಾದಿನಿ ಸ್ಟೂಲಿನಿಂದ ಎದ್ದಳು. ಹುಡುಗಿಯ ಮುಖ ನೋಡಿದಳು. ಗೋಡೆಯ ಮೇಲಿನ ಕೊನೆಯ ಫೋಟೋ ನೋಡಿದಳು. ಮತ್ತೆ ಹುಡುಗಿಯ ಕೈಯಲ್ಲಿದ್ದ ಸೇಬು ತೆಗೆದುಕೊಂಡು, ಹಲ್ಲು ಕಚ್ಚಿದ ಗುರುತನ್ನು ಬೆಳಕಿಗೆ ಹಿಡಿದು ನೋಡಿದಳು. ಗುರುತು ಒಂದು ಕಡೆಗೆ ಓರೆಯಾಗಿತ್ತು.

"ಪುಟ್ಟಿ, ತುಟಿ ಬಿಡಿಸಿ ಹಲ್ಲು ಕಚ್ಚಿ ತೋರಿಸು. ಹೂಂ. ಈಗ ನಿಧಾನ ಬಾಯಿ ತೆಗಿ."

ಹುಡುಗಿ ಬಾಯಿ ತೆಗೆದಳು. ಕೆಳದವಡೆ ನೇರ ಕೆಳಗಿಳಿಯದೆ ಎಡಕ್ಕೆ ವಾಲಿಕೊಂಡು ಹೋಯಿತು.

"ಭಾವ, ಇವಳ ಗದ್ದ ಎಡಕ್ಕೆ ಹೋಗಿದೆ. ಬಲಗಡೆ ಹಲ್ಲುಗಳು ಮೇಲಿನದಕ್ಕೆ ಕೂಡ್ತಾ ಇಲ್ಲ. ಎಷ್ಟು ದಿನದಿಂದ ಹೀಗೆ?"

"ಓ, ಅದಾ" ಎಂದರು ಮಾಸ್ತರು, ಲೆನ್ಸು ಒರೆಸುತ್ತ. "ಒಂದೇ ಮಗ್ಗುಲಲ್ಲಿ ಮಲಗ್ತಾಳೆ. ಅದಕ್ಕೇ ಹಾಗೆ. ನಾನು ವ್ಯವಸ್ಥೆ ಮಾಡಿದ್ದೀನಿ."

ವ್ಯವಸ್ಥೆ ಸಾಮಾನ್ಯದ್ದಾಗಿರಲಿಲ್ಲ. ಮನೆಯ ದಿಂಬುಗಳೆಲ್ಲ ಸಾಲದೆ ಬೀದಿಯ ದಿಂಬುಗಳನ್ನೂ ಕಡ ತಂದು, ಮಗಳು ಆ ಮಗ್ಗುಲಿಗೆ ಹೊರಳದಂತೆ ಹಾಸಿಗೆಯ ಮೇಲೆ ಕೋಟೆ ಕಟ್ಟಿದ್ದರು. ಉಸಿರಾಡಲು ಒಂದು ಕಿಂಡಿ ಬಿಟ್ಟಿದ್ದೇ ದೊಡ್ಡದು. ಅಗಿಯುವಾಗ ಯಾವ ಕಡೆ ಅಗಿಯಬೇಕೆಂದು ತಟ್ಟೆಯ ಪಕ್ಕದಲ್ಲಿ ಕುಳಿತು ಕಣ್ಸನ್ನೆ ಮಾಡುತ್ತಿದ್ದರು.

"ಮಗ್ಗುಲಿಗೂ ಇದಕ್ಕೂ ಸಂಬಂಧ ಇಲ್ಲ" ಎಂದಳು ನಾದಿನಿ. "ಮಲಗಿದ್ದಕ್ಕೆ ದವಡೆ ಬೆಳೆಯೋದಾದ್ರೆ, ನೀವು ಮಲಗೋ ಅಷ್ಟು ಹೊತ್ತಿಗೆ ತಕ್ಕ ಹಾಗೆ ನಿಮ್ಮ ದವಡೆ ಬಸ್ ಸ್ಟ್ಯಾಂಡ್ ತನಕ ಹೋಗ್ಬೇಕಿತ್ತು. ನಾಳೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಡಾಕ್ಟ್ರು ನೋಡ್ಲಿ, ಒಂದು ಎಕ್ಸ್‌ರೇ ತೆಗೆಯೋಣ."

ಅಡುಗೆಮನೆಯಿಂದ ಮಾಸ್ತರ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. "ನೋವಿಲ್ಲ ಕಣೇ ಅವಳಿಗೆ. ನೋವಿಲ್ಲದ ಮೇಲೆ ಆಸ್ಪತ್ರೆ ಯಾಕೆ? ಹೆಣ್ಣುಮಗು, ಮುಖದ ವಿಷಯ. ನಾಲ್ಕು ಜನರ ಬಾಯಿಗೆ ಬೀಳೋದು ಬೇಡ."

"ನೋವಿಲ್ಲ ಅನ್ನೋದೇ ಇದರ ಮೋಸ, ಅಕ್ಕ. ಹಲ್ಲು ನೋವಾದ್ರೆ ಅರಚ್ತೀವಿ. ಎಲುಬು ಸದ್ದಿಲ್ಲದೆ ಬೆಳೀತಾ ಹೋಗುತ್ತೆ. ದಿನಾ ನೋಡೋ ಕಣ್ಣಿಗೆ ಗೊತ್ತೂ ಆಗಲ್ಲ. ನಾನು ಎರಡು ವರ್ಷ ಬಿಟ್ಟು ನೋಡಿದ್ದಕ್ಕೆ ಎದೆ ಧಸಕ್ ಅಂತು."

"ದೇವರು ಕೊಟ್ಟ ಮುಖ. ಬೇಕಾದ್ರೆ ನಾನಿಲ್ವಾ ತಿದ್ದೋಕೆ" ಎಂದರು ಮಾಸ್ತರು.

ಆಗ ಮಗಳು ಗೋಡೆಯ ಹತ್ತಿರ ಹೋಗಿ ಕೊನೆಯ ಫೋಟೋದ ಮೇಲೆ ಬೆರಳಿಟ್ಟಳು.

"ಅಪ್ಪಾ, ಈ ಹುಡುಗಿ ಯಾರು?"

"ಯಾರು ಅಂದ್ರೆ? ನೀನೇ."

"ನಾನಲ್ಲ. ನನಗೆ ಬಲಗಡೆ ಹಲ್ಲಲ್ಲಿ ಏನೂ ಅಗಿಯೋಕಾಗಲ್ಲ. ಕಾಲೇಜಲ್ಲಿ ಯಾರಾದ್ರೂ ಫೋನ್ ಎತ್ತಿದ್ರೆ ಬಾಯಿಗೆ ಕೈ ಅಡ್ಡ ಇಡ್ತೀನಿ. ಇವಳಿಗೆ ಅಂಥ ಕಷ್ಟ ಯಾವುದೂ ಇಲ್ಲ. ನೀವು ಇವಳನ್ನ ನೋಡ್ಕೊಳ್ಳಿ. ನಾನು ಚಿಕ್ಕಮ್ಮನ ಜೊತೆ ಹೋಗ್ತೀನಿ."

ಊರಿನ ಮುಖಗಳನ್ನೆಲ್ಲ ಪಳಗಿಸಿದ್ದ ಮಾಸ್ತರು ಮನೆಯ ಈ ಒಂದು ಮುಖಕ್ಕೆ ಸೋತರು. ಮರುದಿನ ಬೆಳಿಗ್ಗೆ ಸ್ಟುಡಿಯೋಕ್ಕೆ ಬೀಗ ಬಿತ್ತು. ತಾಯಿ ಗೊಣಗುತ್ತಲೇ ಮಗಳ ಜೊತೆ ಹೊರಟಳು. ಮಾಸ್ತರು ಹೋದದ್ದು ಮಗಳ ಜೊತೆಗಲ್ಲವಂತೆ, ಆಸ್ಪತ್ರೆಯವರು ಬೆಳಕನ್ನು ಹೇಗೆ ಬಳಸುತ್ತಾರೆಂದು ಪರೀಕ್ಷೆ ಮಾಡುವುದಕ್ಕಂತೆ.

ಹಲ್ಲಿನ ಡಾಕ್ಟರಮ್ಮ ಮಾತು ಕಡಿಮೆಯ ಹೆಂಗಸು. ಹುಡುಗಿಯನ್ನು ಎದುರಿಗೆ ನೇರ ಕೂರಿಸಿ ನೋಡಿದರು, ಹಿಂದಿನಿಂದ ನಿಂತು ತಲೆಯ ಮೇಲಿನಿಂದಲೂ ನೋಡಿದರು. ಎರಡೂ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆಗೆಸಿ ಮುಚ್ಚಿಸಿದರು. ಚಿಕ್ಕಂದಿನಲ್ಲಿ ಬಿದ್ದು ಗದ್ದಕ್ಕೆ ಪೆಟ್ಟಾಗಿತ್ತೇ, ಕಿವಿ ಸೋರುತ್ತಿತ್ತೇ ಎಂದು ಕೇಳಿದರು. ಇಲ್ಲ ಎಂದಾಗ "ದವಡೆ ಪೂರ್ತಿ ಕಾಣೋ ಎಕ್ಸ್‌ರೇ ತೆಗೀರಿ" ಎಂದು ಪಕ್ಕದ ಕೋಣೆಗೆ ಕಳಿಸಿದರು.

ಆ ಕೋಣೆಯಲ್ಲಿ ಗೋಡೆಗೆ ಆತುಕೊಂಡು ಒಂದು ಯಂತ್ರ ನಿಂತಿತ್ತು. ಅದಕ್ಕೊಂದು ಉದ್ದ ತೋಳು. ನಾದಿನಿ ಹುಡುಗಿಯ ಓಲೆ, ಸರ, ಕೂದಲಿನ ಪಿನ್ನು ಎಲ್ಲ ತೆಗೆಸಿದಳು. ಹಿಡಿಕೆ ಹಿಡಿದು ನಿಲ್ಲಲು ಹೇಳಿ, ಚಿಕ್ಕ ಕಡ್ಡಿಯೊಂದನ್ನು ಮುಂದಿನ ಹಲ್ಲುಗಳಿಂದ ಕಚ್ಚಿಸಿದಳು.

"ನಾಲಿಗೆ ಅಂಗುಳಕ್ಕೆ ಒತ್ತು. ಗದ್ದ ಒಂಚೂರು ಮೇಲೆ. ಸಾಕು. ಈಗ ಅಲ್ಲಾಡಬೇಡ."

"ಎಡ ಭುಜ ಇಳೀಬೇಕು" ಎಂದರು ಬಾಗಿಲಲ್ಲಿ ನಿಂತಿದ್ದ ಮಾಸ್ತರು.

"ನೀವು ಇಳೀಬೇಕು ಭಾವ, ಮೆಟ್ಟಿಲು. ಹೊರಗೆ ಹೋಗಿ. ನಾನೂ ಹೊರಗೆ ಬರ್ತೀನಿ."

"ನೋಡಿದ್ಯಾ, ನೀನೇ ಓಡ್ತೀಯ. ಕಿರಣ ಅಷ್ಟು ಅಪಾಯ."

"ದಿನವಿಡೀ ಎಷ್ಟೋ ಜನಕ್ಕೆ ತೆಗೆಯೋಳು ನಾನು. ಪ್ರತಿ ಸಲ ಒಳಗೇ ನಿಂತ್ರೆ ನನಗೆ ಸೇರುತ್ತಾ ಹೋಗುತ್ತೆ, ಅದಕ್ಕೇ ಹೊರಗೆ ಬರ್ತೀನಿ. ಅವಳಿಗೆ ಒಂದು ಸಲಕ್ಕೆ ಬೀಳೋದು ತೀರಾ ಕಡಿಮೆ. ಹಾಗಂತ ಸುಮ್ಮಸುಮ್ಮನೆ ತೆಗೆಯಲ್ಲ. ಬೇಕು ಅಂತ ಡಾಕ್ಟ್ರು ಹೇಳಿದಾಗ ಮಾತ್ರ."

ಯಂತ್ರದ ತೋಳು ಗುಂಯ್ ಎನ್ನುತ್ತ ಹುಡುಗಿಯ ತಲೆಯನ್ನು ಒಂದು ಸುತ್ತು ಹಾಕಿ ಬಂದು ನಿಂತಿತು. ಮಾಸ್ತರು ಅಂಗಿಯ ಗುಂಡಿ ಹಾಕಿಕೊಳ್ಳುವುದರೊಳಗೆ ಕೆಲಸ ಮುಗಿದಿತ್ತು. ಇಷ್ಟು ಬೇಗ ತೆಗೆದ ಫೋಟೋ ಚೆನ್ನಾಗಿ ಬಂದಿರಲು ಸಾಧ್ಯವೇ ಇಲ್ಲ ಎಂದು ಅವರು ಅಲ್ಲೇ ತೀರ್ಪು ಕೊಟ್ಟರು.

ಪರದೆಯ ಮೇಲೆ ಚಿತ್ರ ಮೂಡಿತು. ಸುರುಳಿ ಸುತ್ತಿದ ಚಾಪೆಯನ್ನು ಬಿಡಿಸಿ ಹಾಸಿದಂತೆ, ಈ ಕಿವಿಯಿಂದ ಆ ಕಿವಿಯವರೆಗಿನ ದವಡೆ ಚಪ್ಪಟೆಯಾಗಿ ಹರಡಿಕೊಂಡಿತ್ತು. ಹಲ್ಲುಗಳ ಬೇರು, ಹುಟ್ಟದೆ ಒಳಗೇ ಮಲಗಿದ್ದ ಬುದ್ಧಿಹಲ್ಲು, ಎಲ್ಲ ಬೆಳ್ಳಗೆ ಕಾಣುತ್ತಿತ್ತು. ಮಾಸ್ತರು ಜೀವಮಾನವಿಡೀ ತಿದ್ದಿದ್ದು ಚರ್ಮವನ್ನು. ಅದರ ಹಿಂದೆ ಇಷ್ಟು ದೊಡ್ಡ ಕಟ್ಟಡವಿದೆಯೆಂದು ಅವರು ಎಣಿಸಿರಲಿಲ್ಲ.

"ಎರಡೂ ತುದಿ ನೋಡಿ ಭಾವ" ಎಂದಳು ನಾದಿನಿ. "ಕಿವಿಯ ಮುಂದೆ ದವಡೆ ತಲೆಬುರುಡೆಗೆ ಕೂಡೋ ಕೀಲು. ಎಡಗಡೆ ಗುಂಡು ಇಷ್ಟೇ ಇದೆ, ಬೆರಳ ತುದಿ ಹಾಗೆ. ಬಲಗಡೆ?"

ಬಲಗಡೆಯದು ಹೆಬ್ಬೆರಳ ಗಂಟಿನಷ್ಟು ದಪ್ಪವಿತ್ತು. ಅದರ ಕೆಳಗಿನ ಕುತ್ತಿಗೆ ಬಾತುಕೋಳಿಯ ಕುತ್ತಿಗೆಯ ಹಾಗೆ ಉದ್ದವಾಗಿತ್ತು. ಆ ಉದ್ದ ಗದ್ದವನ್ನು ಎಡಕ್ಕೆ ತಳ್ಳಿತ್ತು.

ಮಾಸ್ತರು ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಕಣ್ಣು ಮುಚ್ಚಿ ನೋಡಿದರು.

"ಇದು ತೆಗೆದವರ ತಪ್ಪು" ಎಂದರು. "ಅವಳು ನಿಂತಿದ್ದೇ ಓರೆ. ತಲೆ ತಿರುಗಿದ್ರೆ ಒಂದು ಕಡೆ ದಪ್ಪ ಬರುತ್ತೆ, ಒಂದು ಕಡೆ ಸಣ್ಣ ಬರುತ್ತೆ. ಮೂವತ್ತು ವರ್ಷದಿಂದ ಫೋಟೋ ತೆಗೀತಿದ್ದೀನಿ, ನನಗೆ ಹೇಳಿಕೊಡ್ತೀಯಾ?"

ನಾದಿನಿ ಗಹಗಹಿಸಿ ನಗುವಳೆಂದು ಅವರು ಕಾದರು. ಅವಳು ನಗಲಿಲ್ಲ.

"ಸರಿಯಾಗೇ ಕೇಳಿದ್ರಿ. ಈ ಎಕ್ಸ್‌ರೇಯಲ್ಲಿ ಹಾಗೆ ಆಗೋದುಂಟು. ತಲೆ ಸ್ವಲ್ಪ ತಿರುಗಿದ್ರೂ ಒಂದು ಕಡೆ ಎಲ್ಲಾ ಅಗಲ ಆಗುತ್ತೆ. ಎಲ್ಲಾ ಅಂದ್ರೆ ಎಲ್ಲಾ. ಈಗ ಹಲ್ಲು ನೋಡಿ. ಈ ಕಡೆ ದವಡೆ ಹಲ್ಲು, ಆ ಕಡೆ ದವಡೆ ಹಲ್ಲು. ಅಗಲ ಅಳೀರಿ, ನೀವೇ ಅಳೀರಿ."

ಮಾಸ್ತರು ಅಳೆದರು. ಎರಡೂ ಒಂದೇ ಅಗಲ. ಮತ್ತೆ ಅಳೆದರು. ಹಲ್ಲುಗಳಿಗೆ ಮಾಸ್ತರ ಪರಿಚಯವಿಲ್ಲದ್ದರಿಂದ ಅವು ದಾಕ್ಷಿಣ್ಯ ತೋರಿಸಲಿಲ್ಲ.

"ತಲೆ ತಿರುಗಿದ್ರೆ ಹಲ್ಲೂ ದಪ್ಪ ಆಗ್ಬೇಕಿತ್ತು ಅಲ್ವಾ? ಹಲ್ಲು ಸಮ ಇದೆ, ಕೀಲು ಮಾತ್ರ ದಪ್ಪ ಇದೆ. ಹಾಗಾದ್ರೆ ಅವಳು ನೇರ ನಿಂತಿದ್ಲು. ಒಳಗಿನ ಎಲುಬೇ ಹೆಚ್ಚು ಬೆಳೆದಿದೆ."

ಮಾಸ್ತರ ಬಲಗೈ ತನ್ನಷ್ಟಕ್ಕೆ ಮೇಜಿನ ಮೇಲಿದ್ದ ಮೌಸಿನ ಕಡೆ ಹೊರಟಿತು. ನಾದಿನಿ ಅದನ್ನು ಹಿಡಿದು ಮೆಲ್ಲಗೆ ವಾಪಸು ತಂದಿಟ್ಟಳು.

ಡಾಕ್ಟರಮ್ಮ ಚಿತ್ರ ನೋಡಿ ಮೂವರನ್ನೂ ಕೂರಿಸಿಕೊಂಡರು. ತಾಯಿ, ತಂದೆ, ನಡುವೆ ಮಗಳು.

"ಬೆಳೆಯೋ ವಯಸ್ಸಲ್ಲಿ ದವಡೆಯ ಎರಡು ಕೀಲೂ ಜೊತೆಜೊತೆಯಾಗಿ ಬೆಳೆದು ಜೊತೆಯಲ್ಲೇ ನಿಲ್ಲಬೇಕು. ಕೆಲವರಲ್ಲಿ ಒಂದು ಕಡೆಯದು ನಿಲ್ಲೋದೇ ಇಲ್ಲ. ಯಾಕೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ. ಮಲಗಿದ್ದರಿಂದ ಅಲ್ಲ, ಅಗಿದಿದ್ದರಿಂದ ಅಲ್ಲ, ಯಾರ ಪಾಪದಿಂದಲೂ ಅಲ್ಲ. ಈಗ ಒಂದೇ ಪ್ರಶ್ನೆ. ಇವಳದು ಬೆಳೆದು ನಿಂತಿದೆಯೋ, ಇನ್ನೂ ಬೆಳೀತಿದೆಯೋ? ನಿಂತಿದ್ರೆ ಒಂದು ದಾರಿ. ಬೆಳೀತಿದ್ರೆ ಇನ್ನೊಂದು ದಾರಿ, ಬೇಗ ನಿಲ್ಲಿಸಬೇಕು, ಇಲ್ಲದಿದ್ರೆ ಮೇಲಿನ ದವಡೆಯೂ ಓರೆಯಾಗ್ತಾ ಬರುತ್ತೆ. ಹಳೇ ಫೋಟೋ ಇದ್ರೆ ತನ್ನಿ. ನೇರ ಮುಂದಿನಿಂದ ತೆಗೆದದ್ದು. ಒಂದೊಂದು ವರ್ಷದ್ದು ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತೆ."

ಹಳೇ ಫೋಟೋ ಎಂದದ್ದೇ ತಡ, ಮಾಸ್ತರ ಎದೆ ಕೊಡೆಯ ಹಾಗೆ ಬಿಚ್ಚಿಕೊಂಡಿತು. ಜಗತ್ತಿನಲ್ಲಿ ಯಾವ ರಾಜಕುಮಾರಿಗೂ ಇಷ್ಟು ಚೊಕ್ಕವಾಗಿ ವರ್ಷಕ್ಕೊಂದು ಫೋಟೋ ಇರಲಾರದು. ಅರ್ಧ ಗಂಟೆಯಲ್ಲಿ ಗೋಡೆಯ ಫ್ರೇಮುಗಳನ್ನೆಲ್ಲ ಇಳಿಸಿ, ಆಟೋದಲ್ಲಿ ಹೇರಿಕೊಂಡು ಬಂದು ಡಾಕ್ಟರಮ್ಮನ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು.

ಡಾಕ್ಟರಮ್ಮ ಅಡಿಪಟ್ಟಿ ತೆಗೆದುಕೊಂಡು ಪ್ರತಿ ಫೋಟೋದ ಹಣೆಯಿಂದ ಗದ್ದದವರೆಗೆ ಇಟ್ಟು ನೋಡಿದರು. ಕೊನೆಯದರ ಮುಂದೆ ಬಹಳ ಹೊತ್ತು ನಿಂತರು. ಅವರ ಮುಖ ಗಂಭೀರವಾಯಿತು.

"ಇದು ಯಾವಾಗಿನದು?"

"ಮೊನ್ನೆ ಹುಟ್ಟುಹಬ್ಬದ್ದು. ಮೂರು ತಿಂಗಳಾಗಿರಬೇಕು" ಎಂದರು ಮಾಸ್ತರು. "ಬೆಳಕು ನೋಡಿದ್ರಾ ಹೇಗಿದೆ?"

"ಮೂರು ತಿಂಗಳ ಹಿಂದೆ ಇಷ್ಟು ನೇರ ಇತ್ತು, ಈಗ ಇಷ್ಟು ಓರೆ ಅಂದ್ರೆ ನಾನು ಅಂದುಕೊಂಡಿದ್ದು ಇದಲ್ಲ. ಇಷ್ಟು ವೇಗವಾಗಿ ಬೆಳೆಯೋದು ಗಡ್ಡೆ ಇರಬಹುದು. ಕೆಟ್ಟ ಗಡ್ಡೆಯೇ ಇರಬಹುದು. ಇವತ್ತೇ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ."

ತಾಯಿ ಮಗಳ ಕೈ ಹಿಡಿದುಕೊಂಡಳು. ಮಾಸ್ತರು ಆ ಕೊನೆಯ ಫ್ರೇಮನ್ನು ಮೆಲ್ಲಗೆ ಬೋರಲು ಹಾಕಿದರು.

"ಡಾಕ್ಟ್ರೇ" ಎಂದಳು ಮಗಳು. "ಇವು ಯಾವುದೂ ನನ್ನ ಗದ್ದ ಅಲ್ಲ. ಅಪ್ಪ ಎಲ್ಲಾನೂ ಕಂಪ್ಯೂಟರಲ್ಲಿ ನೇರ ಮಾಡಿದ್ದಾರೆ. ನನಗೆ ಗೊತ್ತಿರೋ ಹಾಗೆ ಎಂಟನೇ ಕ್ಲಾಸಿಂದ."

"ತಿದ್ದದೇ ಇರೋದು?"

"ಅಳಿಸಿಬಿಡ್ತಾರೆ."

"ಶಾಲೆಯ ಗುಂಪು ಫೋಟೋ?"

"ಅದೂ ಅಪ್ಪನೇ ತೆಗೆದದ್ದು. ಶಾಲೆಯಲ್ಲಿ ಯಾರದ್ದೂ ಸೊಟ್ಟ ಇಲ್ಲ, ಹೆಡ್‌ಮಾಸ್ಟ್ರ ಮೇಜೂ ಸೇರಿ. ಗೆಳತಿಯರ ಫೋನಲ್ಲಿ ಇರೋದೆಲ್ಲ ನಾನು ಕೈ ಅಡ್ಡ ಇಟ್ಟವು."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಮಾಸ್ತರಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ಹಾಗಾದ್ರೆ ಈ ಫೋಟೋಗಳಿಂದ ನನಗೆ ಏನೂ ಗೊತ್ತಾಗಲ್ಲ. ಗಡ್ಡೆ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ ಸ್ಕ್ಯಾನ್ ಮಾಡಿಸ್ತೀನಿ. ಅದು ಸರಿ ಬಂದ್ರೆ ಆರು ತಿಂಗಳು ಕಾಯಬೇಕು. ಕಾದು, ಬೆಳೀತಿದೆಯಾ ಅಂತ ನೋಡಬೇಕು. ನಿಜವಾದ ಫೋಟೋ ಇದ್ದಿದ್ರೆ ಇವತ್ತೇ ಹೇಳಬಹುದಿತ್ತೇನೋ."

ಸ್ಕ್ಯಾನಿನಲ್ಲಿ ಗಡ್ಡೆ ಇಲ್ಲವೆಂದು ಬಂತು. ಆ ವರದಿ ಕೈಗೆ ಬರುವವರೆಗೆ ಮಾಸ್ತರ ಮನೆಯಲ್ಲಿ ಒಲೆ ಉರಿದರೂ ಯಾರಿಗೂ ಹಸಿವಾಗಲಿಲ್ಲ. ವರದಿ ಬಂದ ದಿನ ಮಾಸ್ತರು ಸ್ಟುಡಿಯೋದ ನೆಲಕ್ಕೆ ಕುರ್ಚಿಯೊಂದನ್ನು ಮೊಳೆ ಹೊಡೆದು ನಿಲ್ಲಿಸಿದರು. ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನೂ ನೆಲಕ್ಕೇ ಬಿಗಿದರು. ಬಿರುಗಾಳಿಗೆ ಬೀದಿ ಹಾರಿಹೋದರೂ ಆ ಎರಡು ಅಲ್ಲೇ ಉಳಿಯುವಂತಿದ್ದವು.

"ತಿಂಗಳಿಗೆ ಒಂದು" ಎಂದರು ಮಗಳಿಗೆ. "ಅದೇ ಕುರ್ಚಿ, ಅದೇ ದೂರ, ಅದೇ ಬೆಳಕು. ಹಲ್ಲು ಕಚ್ಚಿ, ನೇರ ನೋಡಬೇಕು. ನಾನು ಬಟನ್ ಒತ್ತೋದು ಬಿಟ್ಟು ಬೇರೆ ಏನೂ ಮಾಡಲ್ಲ."

"ಗದ್ದ ಈಚೆ ಅನ್ನಬಾರದು."

"ಅನ್ನಲ್ಲ."

"ಪ್ರಮಾಣ?"

"ನಿನ್ನ ಚಿಕ್ಕಮ್ಮನ ಹಣೆ ಮೇಲಾಣೆ. ಅದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ."

ಆನೆಯನ್ನು ಸೂಜಿಯ ಕಣ್ಣಲ್ಲಿ ತೂರಿಸುವುದು ಸುಲಭ. ಗದ್ದ ಮಾಸ್ತರು ಒಂದು ಗದ್ದವನ್ನು ಸುಮ್ಮನೆ ಬಿಡುವುದು ಕಷ್ಟ. ಮೊದಲ ತಿಂಗಳ ಫೋಟೋ ಪರದೆಯ ಮೇಲೆ ಬಂದಾಗ ಅವರ ಹಣೆಯ ಬೆವರು ಕೀಲಿಮಣೆಯ ಮೇಲೆ ತೊಟ್ಟಿಕ್ಕಿತು. ಹೆಂಡತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನನ್ನ ಕೈ ಹಿಡ್ಕೋ."

"ಈ ವಯಸ್ಸಲ್ಲಿ, ಅಂಗಡಿ ಬಾಗಿಲು ತೆಗೆದಿಟ್ಟು?"

"ಅದಕ್ಕಲ್ಲ ಮಾರಾಯ್ತಿ. ಬಿಟ್ಟರೆ ತಿದ್ದಿಬಿಡುತ್ತೆ."

ಹೀಗೆ ಹೆಂಡತಿ ಕೈ ಹಿಡಿದುಕೊಂಡು, ಗಂಡ ಎಡಗೈಯಲ್ಲಿ ಸೇವ್ ಬಟನ್ ಒತ್ತಿ, ಫೋಟೋ ಇದ್ದದ್ದು ಇದ್ದ ಹಾಗೇ ಉಳಿಯಿತು. ಎರಡನೇ ತಿಂಗಳು, ಮೂರನೇ ತಿಂಗಳು. ನಾಲ್ಕರ ಹೊತ್ತಿಗೆ ಯಾರೂ ಕೈ ಹಿಡಿಯಬೇಕಾಗಲಿಲ್ಲ. ಮಾಸ್ತರು ಮಗಳ ಮುಖವನ್ನು ದಿಟ್ಟಿಸಿ ನೋಡುವುದನ್ನು ಆಗ ಕಲಿತರು. ಹತ್ತಾರು ವರ್ಷ ಆ ಮುಖದ ಮೇಲೆ ಕೆಲಸ ಮಾಡಿದ್ದರು, ನೋಡಿರಲಿಲ್ಲ. ಊಟಕ್ಕೆ ಕುಳಿತಾಗ ಅವಳು ಎಷ್ಟು ನಿಧಾನ ಅಗಿಯುತ್ತಾಳೆ, ಬಾಯಿ ತೆಗೆದಾಗ ಬಲಕಿವಿಯ ಮುಂದೆ ಹೇಗೆ ಟಕ್ಕೆನ್ನುತ್ತದೆ ಎಂದು ಅವರಿಗೆ ಈಗ ತಿಳಿಯತೊಡಗಿತು.

ಆರು ತಿಂಗಳ ಫೋಟೋಗಳನ್ನು ಡಾಕ್ಟರಮ್ಮ ಪಕ್ಕಪಕ್ಕ ಇಟ್ಟರು. ಅಡಿಪಟ್ಟಿ ಇಟ್ಟರು. ಗದ್ದ ಎಡಕ್ಕೆ ಸರಿಯುತ್ತಲೇ ಹೋಗಿತ್ತು, ಗಡಿಯಾರದ ಸಣ್ಣ ಮುಳ್ಳಿನ ಹಾಗೆ, ನೋಡಿದಾಗ ನಿಂತಂತೆ ಕಂಡು, ನೋಡದಿದ್ದಾಗ ನಡೆದು. ಮತ್ತೊಮ್ಮೆ ತೆಗೆದ ಎಕ್ಸ್‌ರೇಯಲ್ಲಿ ಬಲಗಡೆಯ ಕುತ್ತಿಗೆ ಇನ್ನಷ್ಟು ಉದ್ದವಾಗಿತ್ತು. ಎಲುಬು ಎಲ್ಲಿ ಬೆಳೆಯುತ್ತಿದೆಯೆಂದು ತೋರಿಸುವ ಇನ್ನೊಂದು ಸ್ಕ್ಯಾನು ದೊಡ್ಡಾಸ್ಪತ್ರೆಯಲ್ಲಾಯಿತು. ಅದರಲ್ಲಿ ಬಲಗಡೆಯ ಕೀಲು ಕತ್ತಲ ಮನೆಯಲ್ಲಿ ದೀಪ ಹಚ್ಚಿಟ್ಟಂತೆ ಉರಿಯುತ್ತಿತ್ತು.

"ಬೆಳೀತಾನೇ ಇದೆ" ಎಂದರು ಡಾಕ್ಟರಮ್ಮ. "ಕೀಲಿನ ಗುಂಡಿನ ಮೇಲ್ಭಾಗ, ಬೆಳೆಯೋ ಜಾಗ ಅಷ್ಟೇ, ಅದನ್ನ ತೆಗೀಬೇಕು. ಕಿವಿಯ ಮುಂದೆ ಸಣ್ಣ ಗಾಯ. ಆಮೇಲೆ ಹಲ್ಲಿಗೆ ತಂತಿ. ಗದ್ದ ಪೂರ್ತಿ ನಡುವಿಗೆ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಮುಂದೆ ಇನ್ನೊಂದು ಆಪರೇಷನ್ ಬೇಕಾಗಲೂಬಹುದು. ಆದ್ರೆ ಓಡ್ತಿರೋದು ನಿಲ್ಲುತ್ತೆ."

ತಾಯಿಯ ಕಣ್ಣು ತುಂಬಿತು. "ಮುಖಕ್ಕೆ ಕತ್ತರಿ ಹಾಕೋದಾ? ತಾನಾಗೇ ನಿಲ್ಲೋವರೆಗೂ ಕಾಯೋಣ ಕಣಮ್ಮ. ಮದುವೆ ಆಗೋ ಹುಡುಗಿ."

"ಅಮ್ಮಾ, ಕಾಯ್ತಾ ಕಾಯ್ತಾ ಎಷ್ಟು ದೂರ ಹೋಗುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಆರು ತಿಂಗಳಲ್ಲಿ ಎಷ್ಟು ಹೋಯ್ತು ಅಂತ ನೋಡಿದೆಯಲ್ಲ. ನಾನು ಮಾಡಿಸ್ಕೊಳ್ತೀನಿ. ನೀನು ಅಳಬೇಕು ಅಂದ್ರೆ ಪಕ್ಕದಲ್ಲಿ ಕೂತು ಅಳು, ಬೇಡ ಅನ್ನಬೇಡ."

ತಾಯಿ ತಂಗಿಯ ಕಡೆ ನೋಡಿದಳು. ನಾದಿನಿ ಅಕ್ಕನ ಬೆನ್ನ ಮೇಲೆ ಕೈಯಿಟ್ಟಳು. ಮಾಸ್ತರು ಎದ್ದು ನಿಂತರು.

"ತಾರೀಕು ಹೇಳಿ ಡಾಕ್ಟ್ರೇ" ಎಂದರು. ಬದುಕಿನಲ್ಲಿ ಅವರಾಡಿದ ಅತಿ ನೇರ ಮಾತು ಅದೇ ಇರಬೇಕು.

ಆಪರೇಷನ್ ಆಯಿತು. ಆಮೇಲಿನದು ಹುಡುಗಿಯ ಸರದಿ. ಕೀಲು ಬಿಗಿದುಕೊಳ್ಳದಿರಲು ದಿನಕ್ಕೆ ಹಲವು ಸಲ ಬಾಯಿ ತೆಗೆದು ಮುಚ್ಚುವ ವ್ಯಾಯಾಮ ಮಾಡಬೇಕಿತ್ತು. ನೋಯುತ್ತಿತ್ತು. ಕಣ್ಣಲ್ಲಿ ನೀರು ಬರುತ್ತಿತ್ತು. ಒಬ್ಬಳೇ ಮಾಡುವುದು ಬೇಡವೆಂದು ಮಾಸ್ತರು ಎದುರಿಗೆ ಕುಳಿತು ಅವಳ ಜೊತೆ ತಾವೂ ಬಾಯಿ ತೆಗೆಯತೊಡಗಿದರು. ಅವಳು ಒಂದು ಬೆರಳು ಹಿಡಿಸುವಷ್ಟು ತೆಗೆದರೆ ಇವರು ಒಂದು ಬಸ್ಸು ಹಿಡಿಸುವಷ್ಟು ತೆಗೆಯುತ್ತಿದ್ದರು. ಫೋಟೋ ತೆಗೆಸಲು ಬಂದ ಗಿರಾಕಿಗಳು ಅಪ್ಪ ಮಗಳು ಎದುರುಬದುರು ಬಾಯಿ ಕಳೆದುಕೊಂಡು ಕುಳಿತದ್ದನ್ನು ಕಂಡು ಹೆದರಿ ಓಡಿದರು.

"ಅಪ್ಪಾ, ನಗಿಸಬೇಡಿ, ನೋಯುತ್ತೆ."

"ನಾನೆಲ್ಲಿ ನಗಿಸ್ತಿದ್ದೀನಿ? ಇನ್ನೊಂದು ಸಲ. ಆಗ್ಲಿ."

"ಸಾಕು ಇವತ್ತಿಗೆ."

"ಇನ್ನೊಂದೇ ಒಂದು. ನಿನ್ನೆಗಿಂತ ಒಂದು ಕೂದಲೆಳೆ ಜಾಸ್ತಿ."

ಅವಳು ಹಲ್ಲು ಕಚ್ಚಿಕೊಂಡು, ಅಲ್ಲ, ಹಲ್ಲು ಬಿಟ್ಟುಕೊಂಡು, ಆ ಒಂದು ಕೂದಲೆಳೆ ತೆಗೆದಳು. ಮರುದಿನ ಇನ್ನೊಂದು. ಹಾಗೆ ಎಳೆ ಎಳೆಯಾಗಿ ಬಾಯಿ ಮೊದಲಿನಷ್ಟೇ ತೆರೆದುಕೊಂಡಿತು. ಮುಂದಿನ ವರ್ಷದ ಫೋಟೋದಲ್ಲಿ ಗದ್ದ ಇದ್ದಲ್ಲೇ ಇತ್ತು. ಎಕ್ಸ್‌ರೇಯಲ್ಲಿ ಬಲಗಡೆಯ ಕೀಲು ಸುಮ್ಮನಾಗಿತ್ತು. ತಂತಿ ಹಾಕಿದ ಹಲ್ಲುಗಳು ಒಂದೊಂದಾಗಿ ತಮ್ಮ ಜೋಡಿಯನ್ನು ಹುಡುಕಿಕೊಳ್ಳುತ್ತಿದ್ದವು. ಗದ್ದ ಇನ್ನೂ ತುಸು ಎಡಕ್ಕಿದೆ. ಅದಕ್ಕೆ ಏನು ಮಾಡಬೇಕೆಂದು ತಂತಿ ತೆಗೆದ ಮೇಲೆ ತಾನೇ ಯೋಚಿಸುವೆನೆಂದು ಹುಡುಗಿ ಹೇಳಿದ್ದಾಳೆ. ಕಾಲೇಜಿನಲ್ಲಿ ಯಾರಾದರೂ ಫೋನ್ ಎತ್ತಿದರೆ ಈಗ ಅವಳ ಎರಡೂ ಕೈ ಕೆಳಗೇ ಇರುತ್ತವೆ.

ಈ ಕಥೆಯನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಮಹಿಳಾ ಸಂಘದ ಅಕ್ಕತಂಗಿಯರೇ, ಇವತ್ತೇ ನಿಮ್ಮ ಮಗುವನ್ನು ಬೆಳಕಿಗೆ ಮುಖಮಾಡಿ ಕೂರಿಸಿ. ಹಲ್ಲು ಕಚ್ಚಲು ಹೇಳಿ ಎದುರಿನಿಂದ ನೋಡಿ. ಗದ್ದ ಮೂಗಿನ ನೇರಕ್ಕಿದೆಯೇ? ಮೇಲಿನ ಹಲ್ಲು, ಕೆಳಗಿನ ಹಲ್ಲು ಎರಡೂ ಕಡೆ ಕೂಡುತ್ತವೆಯೇ? ಬಾಯಿ ತೆಗೆದಾಗ ದವಡೆ ಒಂದು ಪಕ್ಕಕ್ಕೆ ವಾಲುತ್ತದೆಯೇ? ಕೆಳದವಡೆ ತೀರಾ ಚಿಕ್ಕದಾಗಿ ಹಿಂದೆ ಉಳಿದಿದೆಯೇ, ಅಥವಾ ಮುಂದೆ ಚಾಚಿದೆಯೇ? ಓರಗೆಯ ಮಕ್ಕಳಿಗೆಲ್ಲ ಬಂದ ಹಲ್ಲು ನಿಮ್ಮ ಮಗುವಿಗೆ ಇನ್ನೂ ಬಂದಿಲ್ಲವೇ? ಇದರಲ್ಲಿ ಒಂದು ಕಂಡರೂ ನೋವು ಬರುವವರೆಗೆ ಕಾಯಬೇಡಿ. ತುಸು ಏರುಪೇರು ಎಲ್ಲರ ಮುಖದಲ್ಲೂ ಇರುತ್ತದೆ, ಅದಕ್ಕೆ ಹೆದರುವುದೂ ಬೇಡ. ಹೆಚ್ಚುತ್ತಿದೆಯೇ ಎಂಬುದನ್ನು ಹಲ್ಲಿನ ಡಾಕ್ಟರು ನೋಡಿ ಹೇಳಲಿ. ಅವರು ಬೇಕೆಂದಾಗ ಎಕ್ಸ್‌ರೇ ತೆಗೆಸಲು ಹಿಂಜರಿಯಬೇಡಿ. ಎಕ್ಸ್‌ರೇ ಕೋಣೆಗೆ ಹೋಗುವವರು ಗರ್ಭಿಣಿಯರಾದರೆ ಮೊದಲೇ ತಿಳಿಸಿ. ದವಡೆಗೆ ಪಟ್ಟಿ ಕಟ್ಟುವವರ, ತಿಕ್ಕಿ ನೇರ ಮಾಡುತ್ತೇವೆನ್ನುವವರ ಕೈಗೆ ಮಗುವಿನ ಮುಖ ಕೊಡಬೇಡಿ.

ಮತ್ತೆ, ವರ್ಷಕ್ಕೊಂದು ಫೋಟೋ ತೆಗೆದಿಡಿ. ನೇರ ಮುಂದಿನಿಂದ, ಬಾಯಿ ಮುಚ್ಚಿ ಒಂದು, ಹಲ್ಲು ಕಾಣುವಂತೆ ಒಂದು. ಫೋನು ತಾನಾಗಿ ಮುಖ ಚೆಂದ ಮಾಡುವ ಗುಂಡಿಯನ್ನು ಬಂದ್ ಮಾಡಿ. ಮಗು ಇದ್ದ ಹಾಗೆ ಇರಲಿ. ನಿಮ್ಮ ಕಣ್ಣಿಗೆ ಅಭ್ಯಾಸವಾಗಿ ಕಾಣದೆ ಹೋದದ್ದನ್ನು ಆ ಫೋಟೋ ಡಾಕ್ಟರಿಗೆ ತೋರಿಸುತ್ತದೆ. ಮಗುವನ್ನು ಚೆನ್ನಾಗಿ ಕಾಣಿಸುವುದಕ್ಕಿಂತ ಮೊದಲು, ಚೆನ್ನಾಗಿ ನೋಡಿ.